ಚಿಮಣಿಯ ಹೊಗೆಗೆ ಲೆಕ್ಕ ಕೇಳುವುದು ಹೇಗೆ?

ನಮ್ಮೂರಿನ ಮೊದಲ ಮನವಿ ಪತ್ರ ಮೂರು ಪುಟ ಇತ್ತು. ವಿಪರೀತ ಹೊಗೆ, ಜನಜೀವನ ಅಸ್ತವ್ಯಸ್ತ, ಉಗ್ರ ಹೋರಾಟದ ಎಚ್ಚರಿಕೆ, ಎಲ್ಲವೂ ಅದರಲ್ಲಿತ್ತು. ಕೆಳಗೆ ಸಹಿಗಳು, ಅದಕ್ಕಿಂತ ಹೆಚ್ಚು ಹೆಬ್ಬೆಟ್ಟುಗಳು. ಒಂದೂವರೆ ತಿಂಗಳ ಮೇಲೆ ಬಂದ ಉತ್ತರ ಒಂದೇ ಸಾಲು: ‘ಸದರಿ ಸ್ಥಾವರದ ಹೊರಸೂಸುವಿಕೆಯು ನಿಗದಿತ ಮಿತಿಯೊಳಗಿರುತ್ತದೆ.’ ಯಾವ ಚಿಮಣಿ, ಯಾವ ದಿನ, ಎಷ್ಟು ಮಿತಿ ಅಂತ ನಾವೂ ಕೇಳಿರಲಿಲ್ಲ, ಅವರೂ ಹೇಳಲಿಲ್ಲ.

ಆ ಒಂದು ಸಾಲಿನಿಂದ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ರಾಯಚೂರು, ಬಳ್ಳಾರಿ, ಕೊಪ್ಪಳ ಸೀಮೆಯಲ್ಲಿ ಕಲ್ಲಿದ್ದಲು ಸುಡುವ ಸ್ಥಾವರದ ಗಾಳಿ ಕುಡಿಯುವ ಯಾರಿಗಾದರೂ ಇದು ಉಪಯೋಗಕ್ಕೆ ಬಂದೀತು. ‘ಮಾಲಿನ್ಯ ನಿಲ್ಲಿಸಿ’ ಎಂಬ ಬೇಡಿಕೆಗೆ ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರ ಸಾಕಾಗುತ್ತದೆ. ‘ಇಂಥ ಘಟಕದ ಚಿಮಣಿಯಲ್ಲಿ ಇಂಥ ದಿನ ಬೆಳಗಿನ ಜಾವ 4ರಿಂದ 6ರವರೆಗೆ ಧೂಳು ಎಷ್ಟಿತ್ತು?’ ಎಂದು ಕೇಳಿದರೆ ಯಾರೋ ಒಬ್ಬರು ಕಡತ ತೆಗೆಯಲೇಬೇಕು.

ಮೊದಲು ಎದುರಿಗಿರುವುದು ಏನು ಅಂತ ತಿಳಿಯಿರಿ

ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಎಂಟು ಘಟಕಗಳಿವೆ: 210 ಮೆಗಾವ್ಯಾಟ್‌ನ ಏಳು, 250ರದು ಒಂದು, ಒಟ್ಟು 1,720 ಮೆಗಾವ್ಯಾಟ್. ಮೊದಲ ಘಟಕ 1985ರದು. ಯರಮರಸ್‌ನಲ್ಲಿ 800ರ ಎರಡು ಘಟಕ. ಬಳ್ಳಾರಿ ಕಡೆ ಕುಡತಿನಿಯಲ್ಲಿ 500, 500 ಮತ್ತು 700. ಇವೆಲ್ಲ ಸರ್ಕಾರಿ ಒಡೆತನದವು. ಇವಲ್ಲದೆ ಉಕ್ಕಿನ ಕಾರ್ಖಾನೆಗಳು ತಮ್ಮ ಬಳಕೆಗೆಂದು ಇಟ್ಟುಕೊಂಡ ವಿದ್ಯುತ್ ಘಟಕಗಳಿವೆ, ಸ್ಪಾಂಜ್ ಐರನ್ ಭಟ್ಟಿಗಳಿವೆ. ನಿಮ್ಮೂರಿಗೆ ಬೀಳುವ ಧೂಳು ಇದರಲ್ಲಿ ಯಾವುದರದು ಎಂಬುದು ಮೊದಲ ಪ್ರಶ್ನೆ.

ಒಂದು ಲೆಕ್ಕ ಹಾಕಿ ನೋಡಿ. 210 ಮೆಗಾವ್ಯಾಟ್‌ನ ಒಂದೇ ಘಟಕ ದಿನಪೂರ್ತಿ ಓಡಿದರೆ ಸುಮಾರು 50 ಲಕ್ಷ ಯೂನಿಟ್ ಕರೆಂಟು. ಯೂನಿಟ್‌ಗೆ 700 ಗ್ರಾಂ ಕಲ್ಲಿದ್ದಲು ಹಿಡಿದರೆ 3,500 ಟನ್. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ 30ರಿಂದ 45 ಪಾಲು ಬೂದಿಯೇ. 35 ಅಂತ ಹಿಡಿದರೂ ದಿನಕ್ಕೆ 1,200 ಟನ್ ಬೂದಿ ಆಯಿತು. ಅದರಲ್ಲಿ ಐದನೇ ಒಂದು ಪಾಲು ಬಾಯ್ಲರ್ ತಳಕ್ಕೆ ಬಿದ್ದು, ಉಳಿದ ಸಾವಿರ ಟನ್ ಹೊಗೆಯ ಜೊತೆ ಮೇಲಕ್ಕೆ ಏಳುತ್ತದೆ. ಅದನ್ನು ಚಿಮಣಿಗೆ ಹೋಗುವ ಮೊದಲೇ ಹಿಡಿಯುವ ಯಂತ್ರಕ್ಕೆ ಇಎಸ್‌ಪಿ ಅನ್ನುತ್ತಾರೆ. ಹೈ ವೋಲ್ಟೇಜ್ ತಂತಿಗಳಿಂದ ಬೂದಿಯ ಕಣಕ್ಕೆ ವಿದ್ಯುತ್ ಹತ್ತಿಸಿ, ಅದು ತಗಡುಗಳಿಗೆ ಅಂಟಿಕೊಳ್ಳುವಂತೆ ಮಾಡುವ ದೊಡ್ಡ ಪೆಟ್ಟಿಗೆ ಅದು. ಇಎಸ್‌ಪಿ ನೂರಕ್ಕೆ 99.8 ಹಿಡಿದರೆ ಹೊರಗೆ ಹೋಗುವುದು ದಿನಕ್ಕೆ 2 ಟನ್. 99 ಹಿಡಿದರೆ 10 ಟನ್. ಪರೀಕ್ಷೆಯಲ್ಲಿ 99 ಬಂದರೆ ಮಗನಿಗೆ ಸೈಕಲ್ಲು ಕೊಡಿಸುತ್ತೇವೆ. ಚಿಮಣಿಗೆ ಮಾತ್ರ 99 ಅಂದರೆ ನಾಪಾಸು. ಸಭೆಯಲ್ಲಿ ಯಾರಾದರೂ ‘ನಮ್ಮ ಇಎಸ್‌ಪಿ ಶೇ 99 ದಕ್ಷತೆಯದು’ ಅಂದಾಗ ಚಪ್ಪಾಳೆ ತಟ್ಟಬೇಡಿ.

ಮಿತಿ ಎಷ್ಟು?

2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಸಚಿವಾಲಯ ಕಲ್ಲಿದ್ದಲು ಸ್ಥಾವರಗಳಿಗೆ ಹೊಸ ಮಿತಿ ಹಾಕಿತು. ಘಟಕದ ವಯಸ್ಸಿನ ಮೇಲೆ ಮೂರು ಗುಂಪು. ಧೂಳಿನ ಮಟ್ಟಿಗೆ ಹೇಳುವುದಾದರೆ, 2003ರ ಕೊನೆಯೊಳಗೆ ಬಂದ ಘಟಕಗಳಿಗೆ ಪ್ರತಿ ಘನ ಮೀಟರ್ ಹೊಗೆಯಲ್ಲಿ 100 ಮಿಲಿಗ್ರಾಂ, 2004ರಿಂದ 2016ರವರೆಗಿನವಕ್ಕೆ 50, 2017ರಿಂದ ಈಚಿನವಕ್ಕೆ 30. ಅಂದರೆ ಶಕ್ತಿನಗರದ ಎಂಟು ಘಟಕಗಳಿಗೆ ಒಂದೇ ಮಿತಿ ಇಲ್ಲ: ಮೊದಲ ಏಳಕ್ಕೆ 100, 2010ರಲ್ಲಿ ಬಂದ ಎಂಟನೆಯದಕ್ಕೆ 50. ಯರಮರಸ್ ಶುರುವಾದದ್ದು 2016–17ರ ಗಡಿಯ ಆಸುಪಾಸಿನಲ್ಲೇ. ಅಲ್ಲಿ ‘ಯಾವ ದಿನಾಂಕ ಹಿಡಿದು ಯಾವ ಮಿತಿ ಅನ್ವಯಿಸಿದ್ದೀರಿ?’ ಎಂಬ ಒಂದೇ ಪ್ರಶ್ನೆ ಒಂದು ಅರ್ಜಿಗೆ ಸಾಕು.

ಗಂಧಕದ ಹೊಗೆಯ ಕಥೆ ಬೇರೆ. ಅದನ್ನು ಸುಣ್ಣದ ಕಲ್ಲಿನಿಂದ ತೊಳೆಯುವ ಎಫ್‌ಜಿಡಿ ಯಂತ್ರ ಹಾಕಲು 2017 ಕೊನೆಯ ಗಡುವಾಗಿತ್ತು. ಗಡುವು ಮುಂದೆ ಹೋಯಿತು, ಮತ್ತೆ ಹೋಯಿತು. ಕೊನೆಗೆ 2025ರ ಜುಲೈ 11ರ ಅಧಿಸೂಚನೆಯಲ್ಲಿ ‘ಸಿ’ ವರ್ಗದ ಸ್ಥಾವರಗಳಿಗೆ ಗಂಧಕದ ಮಿತಿಯಿಂದಲೇ ವಿನಾಯಿತಿ ಸಿಕ್ಕಿತು. 2029ರ ಡಿಸೆಂಬರ್ ಒಳಗೆ ಚಿಮಣಿಯ ಎತ್ತರ ನಿಯಮದ ಪ್ರಕಾರ ಇರಬೇಕು ಎಂಬುದಷ್ಟೇ ಷರತ್ತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಇರುವ ನಗರದ ಹತ್ತು ಕಿಲೋಮೀಟರ್ ಒಳಗಿದ್ದರೆ ‘ಎ’, ಗಾಳಿ ಕೆಟ್ಟಿದೆ ಎಂದು ಪಟ್ಟಿ ಮಾಡಿದ ಊರು ಅಥವಾ ತೀವ್ರ ಮಾಲಿನ್ಯದ್ದು ಎಂದು ಗುರುತಿಸಿದ ಪ್ರದೇಶದ ಹತ್ತು ಕಿಲೋಮೀಟರ್ ಒಳಗಿದ್ದರೆ ‘ಬಿ’, ಉಳಿದದ್ದೆಲ್ಲ ‘ಸಿ’. ಕರ್ನಾಟಕದಿಂದ ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿರುವುದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ ಮತ್ತು ಕಲಬುರಗಿ. ನಮ್ಮ ಮೂರು ಜಿಲ್ಲೆಗಳ ಊರು ಒಂದೂ ಇಲ್ಲ. ಹಾಗಾಗಿ ನಿಮ್ಮ ಸ್ಥಾವರಕ್ಕೆ ಯಾವ ವರ್ಗ ಕೊಟ್ಟಿದ್ದಾರೆ ಎಂದು ಮೊದಲೇ ಬರಹದಲ್ಲಿ ಪಡೆಯಿರಿ. ಇಲ್ಲದಿದ್ದರೆ ‘ಎಫ್‌ಜಿಡಿ ಹಾಕಿ’ ಅಂತ ಬ್ಯಾನರ್ ಕಟ್ಟಿಕೊಂಡು ಕೂತ ದಿನ ಅಧಿಕಾರಿ ಬಂದು ಆ ಅಧಿಸೂಚನೆ ಓದಿ ಹೇಳಿ ಹೋಗುತ್ತಾರೆ, ಹುಡುಗರ ಮುಖ ಬಾಡುತ್ತದೆ.

ಎರಡು ಮಾತು ನೆನಪಿಡಿ. ಈ ವಿನಾಯಿತಿ ಗಂಧಕಕ್ಕೆ ಮಾತ್ರ. ಧೂಳಿನ ಮಿತಿ ಹಾಗೇ ಇದೆ. ಇನ್ನೊಂದು, 1986ರ ಪರಿಸರ ಸಂರಕ್ಷಣಾ ನಿಯಮಗಳ 3ನೇ ನಿಯಮದ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕಾರಣ ಬರೆದಿಟ್ಟು ಕೇಂದ್ರದ್ದಕ್ಕಿಂತ ಬಿಗಿಯಾದ ಮಿತಿ ಹಾಕಬಹುದು. ‘ಕೇಂದ್ರದ ಆದೇಶ, ನಮ್ಮ ಕೈಯಲ್ಲಿ ಏನೂ ಇಲ್ಲ’ ಅಂದವರಿಗೆ ಈ ನಿಯಮ ತೋರಿಸಿ.

ಅಂಕಿ ಓದುವಾಗ ಒಂದು ಎಚ್ಚರ. ಚಿಮಣಿಯ ಮಿತಿ ಮಿಲಿಗ್ರಾಂನಲ್ಲಿ, ಊರಿನ ಗಾಳಿಯ ಮಿತಿ ಮೈಕ್ರೋಗ್ರಾಂನಲ್ಲಿ. ಒಂದಕ್ಕೊಂದು ಸಾವಿರ ಪಟ್ಟು ವ್ಯತ್ಯಾಸ. ಊರಿನ ಪ್ರತಿ ಘನ ಮೀಟರ್ ಗಾಳಿಯಲ್ಲಿ 24 ಗಂಟೆಯ ಸರಾಸರಿ ಪಿಎಂ 2.5 ಎಂಬ ಅತಿ ಸಣ್ಣ ಧೂಳಿನ ಕಣ 60 ಮೈಕ್ರೋಗ್ರಾಂ, ಅದಕ್ಕಿಂತ ದಪ್ಪದವೂ ಸೇರಿದ ಪಿಎಂ 10 ಕಣ 100 ದಾಟಬಾರದು. ಇದು 2009ರ ರಾಷ್ಟ್ರೀಯ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15 ಮತ್ತು 45. ಒಂದು ಸಭೆಯಲ್ಲಿ ನಮ್ಮವನೇ ಒಬ್ಬ ಮಿಲಿಗ್ರಾಂ, ಮೈಕ್ರೋಗ್ರಾಂ ಎರಡನ್ನೂ ಕಲಸಿ ಮಾತಾಡಿದ. ಮರುದಿನದ ಪೇಪರಿನಲ್ಲಿ ನಮ್ಮ ಬೇಡಿಕೆಗಿಂತ ಆ ತಪ್ಪೇ ದೊಡ್ಡದಾಗಿ ಬಂದಿತ್ತು.

ನೋಟ್‌ಬುಕ್ಕು ಮತ್ತು ತಟ್ಟೆ

ಇಡೀ ಕೆಲಸದಲ್ಲಿ ನಾನು ಹೆಚ್ಚು ನೆಚ್ಚಿಕೊಂಡಿರುವುದು ಇದನ್ನೇ. ನಮ್ಮೂರಲ್ಲಿ ಇದನ್ನು ಶುರು ಮಾಡಿದ್ದು ನಮ್ಮ ಚಿಗವ್ವ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಒಣಹಾಕಿದ ಸಂಡಿಗೆ ಒಂದು ಬೆಳಿಗ್ಗೆ ಬೂದುಬಣ್ಣಕ್ಕೆ ತಿರುಗಿತ್ತು. ‘ಏನವ್ವಾ, ರಾತ್ರಿನೇ ಬಿತ್ತೇನು?’ ಅಂದೆ. ‘ಕೋಳಿ ಕೂಗೂ ಮುಂದ ಎದ್ದೀನಪ್ಪ, ಅವಾಗ ಬೆಳ್ಳಗಿತ್ತು. ಮಾರಿ ತೊಳಕೊಂಡು ಬರೂದ್ರಾಗ ಹಿಂಗಾಗೇತಿ’ ಅಂದಳು. ಆ ಮಾತಿನಲ್ಲಿ ಹೊತ್ತು ಇತ್ತು, ಜಾಗ ಇತ್ತು, ಹೆಂಗಾಯಿತು ಅನ್ನುವುದೂ ಇತ್ತು. ನಮ್ಮ ಮೂರು ಪುಟದ ಮನವಿಯಲ್ಲಿ ಇದ್ಯಾವುದೂ ಇರಲಿಲ್ಲ.

ಊರಿನ ನಾಲ್ಕು ದಿಕ್ಕಿನಲ್ಲಿ ನಾಲ್ಕು ಮನೆ ಗೊತ್ತು ಮಾಡಿ. ಒಂದೊಂದು ಮಾಳಿಗೆಯ ಮೇಲೆ ಒಂದೊಂದು ಸ್ಟೀಲ್ ತಟ್ಟೆ, ಗಾಳಿಗೆ ಹಾರದ ಹಾಗೆ ಇಟ್ಟಂಗಿ ಮೇಲೆ ಇಡಿ. ರಾತ್ರಿ ಮಲಗುವಾಗ ಒರೆಸಿ ಇಡಬೇಕು, ಬೆಳಿಗ್ಗೆ ಆರಕ್ಕೆ ಅವತ್ತಿನ ಪೇಪರನ್ನು ಪಕ್ಕದಲ್ಲಿಟ್ಟು ಫೋಟೊ ತೆಗೆಯಬೇಕು. ನೋಟ್‌ಬುಕ್ಕಿನಲ್ಲಿ ತಾರೀಕು, ಹೊತ್ತು, ಗಾಳಿ ಯಾವ ಕಡೆಯಿಂದ, ಹೊಗೆಯ ಬಣ್ಣ ಏನು, ಎಷ್ಟನೇ ಚಿಮಣಿ, ಬರೆದವರ ಸಹಿ. ಚಿಮಣಿಗಳನ್ನು ಒಂದೇ ಕಡೆಯಿಂದ ಎಣಿಸುವುದು ಅಂತ ಎಲ್ಲರೂ ಮೊದಲೇ ಮಾತಾಡಿಕೊಳ್ಳಿ. ನಾವು ಎರಡು ವಾರ ಬರೆದ ಮೇಲೆ ಗೊತ್ತಾಯಿತು, ಕೆರೆ ಕಡೆಯ ಮನೆಯವರ ಒಂದನೆಯ ಚಿಮಣಿ ನಮಗೆ ಕೊನೆಯದು.

ಬಿದ್ದದ್ದು ಯಾವ ಧೂಳು ಎಂಬುದಕ್ಕೆ ಬೆರಳೇ ಮೊದಲ ಪರೀಕ್ಷೆ. ಹಾರುಬೂದಿ ಪೌಡರಿನ ಹಾಗೆ ನುಣ್ಣಗೆ, ಬೂದು ಬಣ್ಣ. ಕರ್ರಗೆ, ಹರಳು ಹರಳಾಗಿ, ಅಯಸ್ಕಾಂತ ಹಿಡಿದರೆ ಗುಂಪಾಗಿ ಅಂಟಿದರೆ ಕಬ್ಬಿಣದ ಕಾರ್ಖಾನೆಯ ಕಡೆ ನೋಡಿ. ಗಿಣಿಗೇರಾ, ತೋರಣಗಲ್ಲು ಸುತ್ತಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಾರುಬೂದಿಯಲ್ಲೂ ಸ್ವಲ್ಪ ಕಬ್ಬಿಣದ ಅಂಶ ಇರುವುದರಿಂದ ಅಯಸ್ಕಾಂತದ್ದೇ ಕೊನೆಯ ಮಾತಲ್ಲ. ನೆಲಮಟ್ಟದಲ್ಲಿ ಎದ್ದ ಧೂಳಾದರೆ ಅದು ಬೂದಿ ಹೊಂಡದ್ದೋ, ಬೂದಿ ಟ್ಯಾಂಕರಿನದೋ, ಕಲ್ಲಿದ್ದಲು ವ್ಯಾಗನ್ನಿನದೋ ಇರಬಹುದು. ಅದಕ್ಕೆ ಬೇಡಿಕೆಯೂ ಬೇರೆ: ಹೊಂಡಕ್ಕೆ ನೀರು, ಲಾರಿಗೆ ತಾಡಪಾಲು. ಜೊತೆಗೆ 2021ರ ಡಿಸೆಂಬರ್ 31ರ ಹಾರುಬೂದಿ ಅಧಿಸೂಚನೆ ಎಷ್ಟು ಪಾಲನೆಯಾಗಿದೆ ಎಂಬ ಲೆಕ್ಕ. ಬೂದಿಯನ್ನು ಬಳಕೆ ಮಾಡದೆ ಉಳಿಸಿಕೊಂಡರೆ ಟನ್ನಿಗೆ 1,000 ರೂಪಾಯಿ ಪರಿಹಾರ ಕಟ್ಟಬೇಕು ಎನ್ನುತ್ತದೆ ಅದು.

ಹೊಗೆ ರಾತ್ರಿಯೇ ಯಾಕೆ ಹೆಚ್ಚು? ‘ಕರೆಂಟು ಉಳಿಸಾಕ ರಾತ್ರಿ ಇಎಸ್‌ಪಿ ಬಂದ್ ಮಾಡ್ತಾರ’ ಅನ್ನುವ ಮಾತು ನಮ್ಮ ಕಡೆ ಪ್ರತಿ ಊರಿನ ಕಟ್ಟೆಯಲ್ಲೂ ಇದೆ. ನಿಜ ಇರಬಹುದು, ಇಲ್ಲದಿರಲೂಬಹುದು. ನಿಂತ ಬಾಯ್ಲರನ್ನು ಹೊತ್ತಿಸುವಾಗ ಮೊದಲು ಎಣ್ಣೆ ಉರಿಸುತ್ತಾರೆ, ಆ ಹೊತ್ತಿಗೆ ಇಎಸ್‌ಪಿ ಪೂರ್ತಿ ಚಾಲೂ ಇರುವುದಿಲ್ಲ, ಕಪ್ಪು ಹೊಗೆ ಬರುತ್ತದೆ. ಚಳಿಗಾಲದ ನಸುಕಿನಲ್ಲಿ ತಣ್ಣನೆಯ ಗಾಳಿ ಮುಚ್ಚಳದ ಹಾಗೆ ಕೂತು ಹೊಗೆ ಮೇಲೇಳದೆ ಹರಡುವುದೂ ಇದೆ. ಆರೋಪ ಹೊರಿಸುವ ಮೊದಲು ಹೊತ್ತು ಬರೆದಿಡಿ. ಉತ್ತರವನ್ನು ಅವರ ಯಂತ್ರದಿಂದಲೇ ತೆಗೆಸಬಹುದು.

ಹತ್ತು ರೂಪಾಯಿಯ ಅರ್ಜಿ

ದೊಡ್ಡ ಸ್ಥಾವರಗಳ ಚಿಮಣಿಯಲ್ಲಿ ಹೊಗೆಯನ್ನು ಹಗಲೂ ರಾತ್ರಿ ಅಳೆಯುವ ಯಂತ್ರ ಇರುತ್ತದೆ. ಅದರ ಅಂಕಿ ನೇರವಾಗಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗುತ್ತದೆ. ನಿಮ್ಮ ನೋಟ್‌ಬುಕ್ಕಿನಿಂದ ಅತಿ ಕೆಟ್ಟ ಐದು ದಿನ ಆರಿಸಿ, ಅದೇ ಹೊತ್ತಿನ ಅಂಕಿ ಕೇಳಿ. ಕರ್ನಾಟಕದ ಮಾಹಿತಿ ಹಕ್ಕು ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ ಎಂಬ ಕಟ್ಟಳೆ ಇದೆ. ಇದನ್ನು ಮರೆತು ನಾಲ್ಕು ಪುಟ ಬರೆದರೆ ಅರ್ಜಿ ಹಾಗೇ ವಾಪಸ್ ಬರುತ್ತದೆ. ಹೀಗೆ ಬರೆದರೆ ಸಾಕು:

‘(ಸ್ಥಾವರದ ಹೆಸರು) ಇದರ (ಸಂಖ್ಯೆ) ಘಟಕದ ಚಿಮಣಿಗೆ ಅಳವಡಿಸಿದ ನಿರಂತರ ಮಾಪನ ಯಂತ್ರದಲ್ಲಿ (ತಾರೀಕು) ರಾತ್ರಿ 10ರಿಂದ ಮರುದಿನ ಬೆಳಿಗ್ಗೆ 7ರವರೆಗೆ ದಾಖಲಾದ ಧೂಳಿನ ಕಣಗಳ 15 ನಿಮಿಷದ ಸರಾಸರಿ ಅಂಕಿಗಳು, ಆ ಅವಧಿಯಲ್ಲಿ ಘಟಕ ಆರಂಭ ಅಥವಾ ನಿಲುಗಡೆ ಆಗಿದ್ದರೆ ಅದರ ದಾಖಲೆ, ಹಾಗೂ ಮಿತಿ ಮೀರಿದ್ದಲ್ಲಿ ನೀಡಿದ ನೋಟಿಸಿನ ದೃಢೀಕೃತ ಪ್ರತಿ ಒದಗಿಸುವುದು.’

ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಮಂಡಳಿಯ ಪ್ರಾದೇಶಿಕ ಕಚೇರಿ ಇದೆ, ಅರ್ಜಿ ಅಲ್ಲಿಗೆ. ಸ್ಥಾವರ ಸರ್ಕಾರಿ ಕಂಪನಿಯದಾದರೆ ಅವರಿಗೂ ನೇರವಾಗಿ ಹಾಕಬಹುದು. ಖಾಸಗಿ ಕಾರ್ಖಾನೆಗೆ ಈ ಕಾಯ್ದೆ ನೇರವಾಗಿ ತಾಗದು, ಅದರ ಮಾಹಿತಿ ಮಂಡಳಿಯಿಂದಲೇ ತೆಗೆಯಬೇಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಎರಡನೇ ಅರ್ಜಿಯಲ್ಲಿ ಕಾರ್ಯಾಚರಣೆ ಸಮ್ಮತಿ ಪತ್ರದ ಪ್ರತಿ ಕೇಳಿ. ವಾಯು ಕಾಯ್ದೆಯ 21ನೇ ಕಲಂ ಪ್ರಕಾರ ಆ ಸಮ್ಮತಿ ಇಲ್ಲದೆ ಯಾವ ಸ್ಥಾವರವೂ ಓಡುವಂತಿಲ್ಲ. ಒಂದೊಂದು ಚಿಮಣಿಯ ಎತ್ತರ, ಮಿತಿ ಎಲ್ಲ ಅದರಲ್ಲಿರುತ್ತದೆ. ಪರಿಸರ ಅನುಮತಿಯ ಷರತ್ತು ಎಷ್ಟು ಪಾಲಿಸಿದ್ದೇವೆ ಎಂಬ ವರದಿಯನ್ನು ಕಂಪನಿಗಳು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಅದನ್ನೂ ತೆಗೆಸಿ. ಬೇಸರ ಹುಟ್ಟಿಸುವ ಕಾಗದ, ಆದರೆ ‘ಹಸಿರು ಪಟ್ಟಿ ಬೆಳೆಸಲಾಗಿದೆ’ ಅಂತ ಬರೆದ ಜಾಗದಲ್ಲಿ ನೀವು ದನ ಮೇಯಿಸುತ್ತಿರಬಹುದು.

ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಿಂಗಳುವಾರು ದಮ್ಮು, ಕೆಮ್ಮಿನ ರೋಗಿಗಳ ಸಂಖ್ಯೆ ಮಾತ್ರ ಕೇಳಿ. ರೋಗಿಗಳ ಹೆಸರು ಕೇಳಬೇಡಿ, ಬ್ಯಾನರ್ ಮೇಲಂತೂ ಹಾಕಲೇಬೇಡಿ.

ಊರು ಒಡೆಯದ ಹಾಗೆ

ಸ್ಥಾವರದ ಸುತ್ತಿನ ಯಾವ ಊರಲ್ಲೂ ಗೇಟಿನೊಳಗೆ ಗುತ್ತಿಗೆ ಕೆಲಸಕ್ಕೆ ಹೋಗುವವರಿದ್ದೇ ಇರುತ್ತಾರೆ. ‘ಸ್ಥಾವರ ಮುಚ್ಚಿ’ ಅಂದ ದಿನ ಅಣ್ಣ ಧರಣಿಯಲ್ಲಿ, ತಮ್ಮ ಗೇಟಿನೊಳಗೆ. ‘ಇಎಸ್‌ಪಿ ರಿಪೇರಿ ಮಾಡಿ, ಮಿತಿ ಪಾಲಿಸಿ’ ಅಂದರೆ ಆ ತಮ್ಮನೂ ಸಹಿ ಹಾಕುತ್ತಾನೆ. ಬೂದಿ ಮೊದಲು ಬೀಳುವುದು ಅವನ ಮೇಲೆಯೇ. ಆದರೆ ಅವನ ಹೆಸರನ್ನು ಮುಂದೆ ಮಾಡಬೇಡಿ, ಗುತ್ತಿಗೆದಾರ ಮರುದಿನ ಬರಬೇಡ ಅಂದಾನು.

ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ನೂರು ಜನರ ಸಹಿಗಿಂತ ಪಂಚಾಯಿತಿ ಮುದ್ರೆ ಬಿದ್ದ ಒಂದು ಹಾಳೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಬೇಗ ನಡೆಯುತ್ತದೆ. ಠರಾವಿನಲ್ಲಿ ಬೇಡಿಕೆ ಮೂರಕ್ಕಿಂತ ಹೆಚ್ಚು ಬೇಡ, ಪ್ರತಿಯೊಂದಕ್ಕೂ ಗಡುವು ಇರಲಿ. ಚಿಮಣಿಯ ಅಂಕಿ ಕಾಣುವ ಬೋರ್ಡು ಗೇಟಿನ ಹೊರಗೆ ಕನ್ನಡದಲ್ಲಿ ಇರಬೇಕು, ಇಂಥ ತಾರೀಕಿನೊಳಗೆ ಮಂಡಳಿಯವರು ಗ್ರಾಮಸ್ಥರ ಎದುರಿಗೆ ತಪಾಸಣೆ ಮಾಡಬೇಕು, ಊರೊಳಗೆ ಗಾಳಿ ಅಳೆಯುವ ಯಂತ್ರ ಇಡಬೇಕು, ಈ ತರಹದವು. ಮನವಿ ಕೊಟ್ಟಾಗ ಟಪಾಲು ವಿಭಾಗದಲ್ಲಿ ನಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳದೆ ಬಾಗಿಲು ದಾಟಬೇಡಿ. ಸಾಹೇಬರ ಕೈಗೇ ಕೊಟ್ಟು ಫೋಟೊ ತೆಗೆಸಿಕೊಂಡದ್ದು ವಾಟ್ಸಾಪಿಗೆ ಆಯಿತು, ಕಡತಕ್ಕೆ ಆಗಲಿಲ್ಲ.

ಬೀದಿಗೆ ಇಳಿಯುವ ದಿನ

ಶಾಂತಿಯಿಂದ, ನಿರಾಯುಧವಾಗಿ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಆದರೂ ಪೊಲೀಸ್ ಠಾಣೆಗೆ ಒಂದು ವಾರ ಮೊದಲೇ ಬರೆದು ಕೊಡಿ, ತಹಶೀಲ್ದಾರರಿಗೆ ಪ್ರತಿ. ಜಾಗ, ಹೊತ್ತು, ಸುಮಾರು ಎಷ್ಟು ಜನ, ಜವಾಬ್ದಾರರ ಫೋನು ನಂಬರು, ಮೈಕ್ ಹಾಕುವಿರಾ ಇಲ್ಲವಾ, ಇಷ್ಟನ್ನೂ ಬರೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಇಲ್ಲ. ಹಿಂದಿನ ಸಂಜೆ ನಿಷೇಧಾಜ್ಞೆ ಇದೆಯೇ ಎಂದು ಕೇಳಿಕೊಳ್ಳಿ. ಮೊದಲು 144 ಅನ್ನುತ್ತಿದ್ದದ್ದು 2024ರ ಜುಲೈನಿಂದ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ.

ರಸ್ತೆ ತಡೆ ಬಗ್ಗೆ ನನ್ನದು ಖಡಾಖಂಡಿತ ಅಭಿಪ್ರಾಯ: ಬೇಡ. ಬಸ್ಸಿನಲ್ಲಿ ಸಿಕ್ಕಿಹಾಕಿಕೊಳ್ಳುವವರು ನಮ್ಮವರೇ, ಕೇಸು ಬೀಳುವುದು ಓದುವ ಹುಡುಗರ ಮೇಲೆ. ಅದಕ್ಕಿಂತ ತಟ್ಟೆಗಳನ್ನು ತನ್ನಿ. ನಾವು ಜಿಲ್ಲಾ ಕೇಂದ್ರದ ಧರಣಿಗೆ ಹೋದಾಗ ಹೆಂಗಸರು ಬೂದಿ ಬಿದ್ದ ತಟ್ಟೆಗಳನ್ನು ಒರೆಸದೆ, ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಬಟ್ಟೆ ಕಟ್ಟಿ ತಂದಿದ್ದರು. ಪತ್ರಕರ್ತರು ಭಾಷಣ ಮಾಡಿದವರನ್ನು ಬಿಟ್ಟು ತಟ್ಟೆಗಳ ಫೋಟೊ ತೆಗೆದರು. ಒಬ್ಬ ಅಧಿಕಾರಿ ಬೆರಳಿನಿಂದ ಮುಟ್ಟಿ ನೋಡಿ, ಕರವಸ್ತ್ರ ಹುಡುಕಿದರು.

ಬಂದ್ ಕರೆ ಕೊನೆಗಿಟ್ಟುಕೊಳ್ಳಿ. ಉಕ್ಕಿನ ಕಾರ್ಖಾನೆ ವಿಸ್ತರಣೆ ವಿರುದ್ಧ 2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆದಾಗ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಜನರೊಂದಿಗೆ ಬೀದಿಗಿಳಿದರು. ಅಂಥ ದಿನ ಒಂದು ಊರಿಗೆ ಪದೇ ಪದೇ ಬರುವುದಿಲ್ಲ. ಅಂಗಡಿಯವರನ್ನು ತಿಂಗಳಿಗೊಮ್ಮೆ ಬಾಗಿಲು ಹಾಕಿ ಅಂದರೆ ಮೂರನೇ ಸಲಕ್ಕೆ ಅರ್ಧ ಶಟರ್ ಎತ್ತಿರುತ್ತಾರೆ.

ಹೊಸ ಘಟಕ ಅಥವಾ ವಿಸ್ತರಣೆಯ ಸುದ್ದಿ ಇದ್ದರೆ ಪೇಪರಿನ ಸಣ್ಣ ಅಕ್ಷರದ ಜಾಹೀರಾತು ನೋಡುತ್ತಿರಿ. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಪ್ರಕಾರ ಪರಿಸರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನದ ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು, ಸಭೆಯ ವಿಡಿಯೊ ಆಗಬೇಕು. ಆ ಸಭೆಗೆ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಇರಬೇಕೆಂಬ ಕಟ್ಟಳೆ, ಇಲ್ಲ; ನೀವು ಬಹಿಷ್ಕರಿಸಿ ಹೊರಗೆ ಕೂತರೂ ಒಳಗೆ ಸಭೆ ನಡೆದದ್ದೇ ಲೆಕ್ಕ. ಒಳಗೆ ಹೋಗಿ, ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳುವವರೆಗೆ ಏಳಬೇಡಿ. ಊಟದ ಪೊಟ್ಟಣ ಹಂಚಲು ಶುರು ಮಾಡುವುದು ಸರಿಯಾಗಿ ಆ ಹೊತ್ತಿಗೇ.

ಕೋರ್ಟು ಮತ್ತು ತಪಾಸಣೆ

ಅಂಕಿ ಕೈಗೆ ಬಂದು, ಮಿತಿ ಮೀರಿದ್ದು ಕಂಡು, ಮಂಡಳಿ ಸುಮ್ಮನಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ. ನಮಗೆ ಚೆನ್ನೈ ಪೀಠ. ವಕೀಲರಿಲ್ಲದೆಯೂ ಅರ್ಜಿ ಹಾಕಬಹುದು, ಆದರೆ ತಕರಾರಿಗೆ ಕಾರಣ ಹುಟ್ಟಿದ ಆರು ತಿಂಗಳೊಳಗೆ. ಬೆಳೆ ಹಾಳಾದದ್ದಕ್ಕೆ ಪರಿಹಾರ ಕೇಳಲು ಐದು ವರ್ಷ. ನೋಟ್‌ಬುಕ್ಕಿನ ತಾರೀಕು ಇಲ್ಲಿ ಕೆಲಸಕ್ಕೆ ಬರುತ್ತದೆ. ಹೈಕೋರ್ಟಿಗೆ ಹೋಗುವುದಾದರೆ ರಾಯಚೂರಿನವರು ಕಲಬುರಗಿ ಪೀಠಕ್ಕೆ, ಬಳ್ಳಾರಿ, ಕೊಪ್ಪಳದವರು ಧಾರವಾಡಕ್ಕೆ.

ತಪಾಸಣೆಗೆ ಬರುತ್ತೇವೆ ಅಂತ ಮಂಡಳಿಯವರು ಹೇಳಿದ ದಿನ ಚಿಮಣಿ ಬೆಳ್ಳಗೆ, ಸದ್ದಿಲ್ಲದೆ ನಿಂತಿರುತ್ತದೆ. ಗಾಬರಿಯಾಗಬೇಡಿ. ಹಿಂದಿನ ರಾತ್ರಿಯ ಅಂಕಿ ತೋರಿಸಿ ಅನ್ನಿ, ಇಎಸ್‌ಪಿಯ ಎಷ್ಟು ಫೀಲ್ಡ್ (ಬೂದಿ ಹಿಡಿಯುವ ಒಳಗಿನ ವಿಭಾಗ) ಚಾಲೂ ಇವೆ ಎಂದು ಕಂಟ್ರೋಲ್ ರೂಮಿನಲ್ಲಿ ನೋಡಿ ಬರೆಯಲು ಹೇಳಿ, ಘಟಕ ಅವತ್ತು ಎಷ್ಟು ಮೆಗಾವ್ಯಾಟಿನಲ್ಲಿ ಓಡುತ್ತಿದೆ ಎಂಬುದನ್ನೂ ಮಹಜರಿನಲ್ಲಿ ಸೇರಿಸಿ. ಅರ್ಧ ಲೋಡಿನಲ್ಲಿ ತೆಗೆದ ಅಂಕಿ ಚೆಂದವಾಗೇ ಬರುತ್ತದೆ. ಮಹಜರು ಓದದೆ ಸಹಿ ಬೇಡ. ‘ಯಜಮಾನ್ರ, ಇಲ್ಲೊಂದು ಸಹಿ ಹಾಕ್ರಿ, ಹೊತ್ತಾತು’ ಅಂತ ಅವಸರ ಮಾಡುತ್ತಾರೆ. ಓದು ಬಾರದ ಹಿರಿಯರಿದ್ದರೆ ಓದಿ ಹೇಳುವವನನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ.

ಇನ್ನು ಗಾಳಿ. ಮಳೆಗಾಲದಲ್ಲಿ ನಮ್ಮ ಸೀಮೆಗೆ ಗಾಳಿ ಪಡುವಣದಿಂದ ಬೀಸುತ್ತದೆ, ದೀಪಾವಳಿ ಕಳೆದ ಮೇಲೆ ಮೂಡಣಕ್ಕೆ ತಿರುಗುತ್ತದೆ. ಬೂದಿ ಬೀಳುವ ಊರೂ ಬದಲಾಗುತ್ತದೆ. ನಮ್ಮ ತಟ್ಟೆ ಖಾಲಿಯಾದ ತಿಂಗಳು ಚಿಗವ್ವ ನೋಟ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಚಿಮಣಿಯ ಆಚೆ ಕಡೆಯ ಊರಿನಲ್ಲಿರುವ ತನ್ನ ಬೀಗರ ಮನೆಗೆ ಹೊರಟಳು, ಜೊತೆಗೆ ನಾಲ್ಕು ಸ್ಟೀಲ್ ತಟ್ಟೆ.